ಬಲಕ್ಕೋ, ನೇರಕ್ಕೋ?

ವಿಜಯನಗರದ ಶಾಲೆಯೊಂದರಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಫ್ರೆಂಚ್ ಕಲಿಸುತ್ತಿದ್ದೇನೆ. ಫ್ರಾನ್ಸ್ ನೋಡಿದವಳಲ್ಲ. ಕಲಿತದ್ದೆಲ್ಲ ಮೈಸೂರಿನಲ್ಲೇ, ನಿವೃತ್ತ ಮೇಷ್ಟರೊಬ್ಬರ ಸಂಜೆ ಕ್ಲಾಸಿನಲ್ಲಿ. "ಫ್ರೆಂಚಲ್ಲಿ ಕೊನೇ ಅಕ್ಷರ ನುಂಗ್ಬುಡಿ, ಅರ್ಧ ಭಾಷೆ ಬಂದ ಹಾಗೆ" ಎನ್ನುತ್ತಿದ್ದರು ಅವರು. ನಾನು ಶ್ರದ್ಧೆಯಿಂದ ನುಂಗುತ್ತಾ ಬಂದೆ.

ಹೋದ ವರ್ಷ ಶಾಲೆಗೆ ಆರು ಪುಟ್ಟ ರೋಬೋಟುಗಳು ಬಂದವು. ಅಂಗೈ ಮೇಲೆ ಕೂರುವಂಥವು. ಎರಡು ಚಕ್ರ, ಬೆನ್ನ ಮೇಲೆ ಬಾಣದ ಗುಂಡಿಗಳು. ಗುಂಡಿಗಳನ್ನು ಒತ್ತಿದ ಕ್ರಮದಲ್ಲೇ ನಡೆಯುತ್ತವೆ. ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಸಮಯ ಸಾಲದೆ ಬೀರುವಿನಲ್ಲೇ ಕೂತಿದ್ದವು. ಒಂದು ದಿನ ಹೆಡ್‌ಮಿಸ್ ನನ್ನನ್ನು ಕರೆದರು.

"ನಿಮ್ಮ ಕ್ಲಾಸಲ್ಲಿ ದಾರಿ ಹೇಳೋ ಪಾಠ ಇದೆಯಲ್ರೀ, ಇವನ್ನ ಇಟ್ಕೊಂಡು ಮಾಡ್ಸಿ. ಕೋಡಿಂಗೂ ಆಗತ್ತೆ, ಫ್ರೆಂಚೂ ಆಗತ್ತೆ."

"ನಂಗೆ ಕೋಡಿಂಗ್ ಬರಲ್ಲ ಮೇಡಂ."

"ಮಕ್ಕಳಿಗೂ ಬರಲ್ಲ ಕಣ್ರೀ. ಒಟ್ಟಿಗೆ ಕಲೀರಿ."

ಒಂದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯಿಂದ ನೀರಿನ ಚೊಂಬಿನ ತನಕ ನಡೆಸಲು ನೋಡಿದೆ. ತಿರುಗು ಎಂದರೆ ಅದು ನಿಂತಲ್ಲೇ ತಿರುಗುತ್ತದೆ ಅಷ್ಟೇ, ಮುಂದೆ ಹೋಗು ಎಂದು ಬೇರೆಯಾಗಿ ಹೇಳಬೇಕು ಎಂಬುದು ಅರ್ಥವಾಗುವಷ್ಟರಲ್ಲಿ ಸಾರು ಆರಿಹೋಗಿತ್ತು. ಆದರೂ ಖುಷಿಯಾಯಿತು.

ಆರನೇ ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನೆಳೆದು ಬೇಕರಿ, ಬಸ್ ಸ್ಟಾಪು, ಪೋಸ್ಟಾಫೀಸು ಬರೆಸಿದೆ. ಇಬ್ಬಿಬ್ಬರ ಜೋಡಿ. ಒಬ್ಬರು ಕಾರ್ಡಿನಲ್ಲಿರುವ ಫ್ರೆಂಚ್ ಪದಗಳನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕಾರ್ಡು ನೋಡದೆ ಗುಂಡಿ ಒತ್ತಬೇಕು. ಕಾರ್ಡು ಚಿಕ್ಕದೆಂದು, ಮುಖ್ಯ ಪದಕ್ಕೆ ಮೊದಲು ಬರುವ ತೂ, ಆ ಎಂಬಂಥ ಚೂರುಪಾರು ಪದಗಳನ್ನು ಬಿಟ್ಟಿದ್ದೆ. ನೇರಕ್ಕೆ ಎನ್ನುವುದಕ್ಕೂ ಬಲಕ್ಕೆ ಎನ್ನುವುದಕ್ಕೂ ಫ್ರೆಂಚ್ ಬರವಣಿಗೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ.

ಬೇಕರಿಗೆ ಹೋಗಬೇಕಾದ ರೋಬೋಟುಗಳು ಒಂದೊಂದು ದಿಕ್ಕಿಗೆ ಹೋದವು. ಒಂದು ಗೋಡೆಗೆ ಗುದ್ದಿ ನಿಂತಿತು.

"ನೀನು ತಪ್ಪು ಒತ್ಬುಟ್ಟೆ ಕಣೋ!"

"ನೀನು ಓದಿದ್ದೇ ತಪ್ಪು!"

ರೋಬೋಟಿನ ಜೊತೆ ಬಂದ ಪುಸ್ತಿಕೆಯಲ್ಲಿ, ತಪ್ಪಾದಾಗ ಒಂದೊಂದೇ ಹೆಜ್ಜೆ ಪರೀಕ್ಷಿಸಿ ಎಂದಿತ್ತು. ಹಾಗೇ ಮಾಡಿದೆವು. ಕಾರ್ಡು ಸರಿಯಿತ್ತು. ಒತ್ತಿದವರು ಕೇಳಿಸಿದಂತೆಯೇ ಒತ್ತಿದ್ದರು. ಹಾಗಾದರೆ ತಪ್ಪು ಎಲ್ಲಿ? ನನಗೂ ಕುತೂಹಲ ತಡೆಯಲಾಗಲಿಲ್ಲ.

ಹಿಂದಿನ ಬೆಂಚಿನ, ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನೇರಕ್ಕೆ ಅನ್ನೋದನ್ನೂ ದ್ರ್ವಾ ಅಂತೀವಿ, ಬಲಕ್ಕೆ ಅನ್ನೋದನ್ನೂ ದ್ರ್ವಾ ಅಂತೀವಿ. ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ?" ಸ್ವಲ್ಪ ತಡೆದು, "ನೀವು ಹಂಗೇ ಹೇಳ್ಕೊಟ್ಟಿದ್ದು" ಎಂದಳು.

ಮೊಬೈಲಿನ ನಿಘಂಟು ತೆಗೆದು ಉಚ್ಚಾರಣೆ ಕೇಳಿದೆ. ನೇರಕ್ಕೆ: ದ್ರ್ವಾ. ಬಲಕ್ಕೆ: ದ್ರ್ವಾತ್. ಕೊನೆಯ ತಕಾರ ಸ್ಪಷ್ಟವಾಗಿತ್ತು. ಮತ್ತೆ ಮತ್ತೆ ಒತ್ತಿ ಕೇಳಿದೆ. ಇಷ್ಟು ವರ್ಷ ಆ ಚೂರುಪಾರು ಪದಗಳೇ ನನ್ನ ತಪ್ಪನ್ನು ಮುಚ್ಚಿಟ್ಟಿದ್ದವು. ಅವುಗಳಿಂದಲೇ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಿದ್ದರು.

"ತಪ್ಪು ಸಿಕ್ತು" ಎಂದೆ ಮಕ್ಕಳಿಗೆ. "ಕಾರ್ಡಲ್ಲೂ ಇಲ್ಲ, ರೋಬೋಟಲ್ಲೂ ಇಲ್ಲ. ನನ್ನ ಬಾಯಲ್ಲಿದೆ."

ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಎಲ್ಲರೂ ಸೇರಿ ದ್ರ್ವಾತ್ ಎಂದು ಕೂಗಿ ಕೂಗಿ ಅಭ್ಯಾಸ ಮಾಡಿದೆವು. ಎರಡನೇ ಸುತ್ತಿನಲ್ಲಿ ಐದು ರೋಬೋಟುಗಳು ಬೇಕರಿ ಸೇರಿದವು. ಆರನೆಯದರ ಚಾರ್ಜು ಮುಗಿದಿತ್ತು.

ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಆ ಹುಡುಗಿಯನ್ನು ಕೇಳಿದೆ: "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಗೊತ್ತೇ ಆಗಿರ್ಲಿಲ್ಲ ಮಿಸ್. ಪರೀಕ್ಷೇಲಿ ಬರೆಯೋದು ತಾನೇ? ಬರೆಯೋವಾಗ ಎಲ್ಲ ಸರಿಯಾಗೇ ಇತ್ತು."

ಆ ಭಾನುವಾರ ಪಠ್ಯಪುಸ್ತಕದ ಪದಗಳನ್ನೆಲ್ಲ ಒಂದೊಂದಾಗಿ ಮೊಬೈಲಿನಲ್ಲಿ ಕೇಳುತ್ತಾ ಕೂತೆ. ನಾನು ನುಂಗಿದ್ದ ಅಕ್ಷರಗಳು ಇನ್ನೂ ಬೇಕಾದಷ್ಟು ಸಿಕ್ಕವು. ಅವನ್ನೆಲ್ಲ ಬರೆದುಕೊಂಡು ಸೋಮವಾರ ಕ್ಲಾಸಿಗೆ ತೆಗೆದುಕೊಂಡು ಹೋದೆ.