ಹೈದರಾಬಾದಿಗೆ ಒಬ್ಬಳೇ, ಲಿವರಿನ ಗಡ್ಡೆ ಸುಡಿಸಲು

ಹೊಸಪೇಟೆಯಿಂದ ಹೊರಟು, ಗುಂತಕಲ್ಲಿನಲ್ಲಿ ರೈಲು ಬದಲಿಸಿ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಬೋಗಿಯ ತುಂಬ ಕಂಪ್ಯೂಟರ್ ಕೋರ್ಸಿಗೆ ಹೊರಟವರ ಗಲಾಟೆ; ಲಿವರಿನಲ್ಲಿ ಗಡ್ಡೆ ಹೊತ್ತವಳು ನಾನೊಬ್ಬಳೇ. ಆಸ್ಪತ್ರೆಗೆ ಆಟೋದವನು ಎಂಬತ್ತು ರೂಪಾಯಿ ಕೇಳಿ ಅರವತ್ತಕ್ಕೆ ಒಪ್ಪಿದ.

ಹುಟ್ಟಿನಿಂದಲೇ ನನ್ನ ಹೃದಯದ ಒಂದು ಕೋಣೆ ಬೆಳೆದಿರಲಿಲ್ಲ. ಏಳನೇ ವಯಸ್ಸಿನಲ್ಲಿ ಮದ್ರಾಸಿನಲ್ಲಿ ಆಪರೇಷನ್ ಆಯಿತು, ಬದುಕಿದೆ. ಹೆಣ್ಣುಮಕ್ಕಳಿರುವ ಮನೆ, ಮದುವೆಗೆ ಅಡ್ಡಿಯಾದೀತೆಂದು ಎದೆಯ ಗಾಯದ ಗೆರೆ ಕಾಣದಂತೆ ಅವ್ವ ನನಗೆ ಕುತ್ತಿಗೆ ಮುಚ್ಚುವ ಅಂಗಿಗಳನ್ನೇ ಹೊಲಿಸಿದಳು. ಮಂದಿ ಕೇಳಿಯಾರೆಂದು ತಪಾಸಣೆಗೆ ಹೋಗುವುದನ್ನೂ ನಿಲ್ಲಿಸಿದಳು. ಅಂಥ ಆಪರೇಷನ್ ಆದವರಲ್ಲಿ ರಕ್ತ ಲಿವರಿನಲ್ಲಿ ಒತ್ತಿ ನಿಂತು ಅದು ವರ್ಷಗಟ್ಟಲೆ ಕೆಡುತ್ತಾ ಬರುತ್ತದೆ, ಕೆಲವರಿಗೆ ಕ್ಯಾನ್ಸರೂ ಆಗುತ್ತದೆ ಎಂದು ಗೊತ್ತಾದದ್ದು ನನ್ನ ಇಪ್ಪತ್ತೆರಡನೇ ವಯಸ್ಸಿಗೆ, ಹೊಟ್ಟೆ ಊದಿಕೊಂಡ ಮೇಲೆ. ನಾನು ಹೊರಟ ವಾರವೇ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹಾಗಾಗಿ ನನ್ನ ಜೊತೆ ಯಾರೂ ಹೊರಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್, ಮನೆಯವರಿಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದಳು. ಪಕ್ಕದ ಬೆಂಚಿನಲ್ಲಿ ಯಾದಗಿರಿ ಕಡೆಯ ನಾಗಮ್ಮ ಎಂಬ ಹೆಂಗಸು ಕೂತಿದ್ದಳು. ಅವಳ ಗಂಡ ಇದೇ ಊರಿನ ಕೂಕಟ್‌ಪಲ್ಲಿಯಲ್ಲಿ ಗಾರೆ ಕೆಲಸ ಮಾಡುವಾಗ ಬಿದ್ದು ವಾರ್ಡಿನಲ್ಲಿದ್ದ. ಅವಳು ಹರಕು ಹಿಂದಿಯಲ್ಲಿ ನರ್ಸಿಗೆ ಏನೋ ಹೇಳಿ ನನ್ನ ಕಡೆ ತಿರುಗಿದಳು. "ಇವತ್ತಿಂದ ನಾ ನಿನ್ನ ದೊಡ್ಡವ್ವ, ನೋಡು." ನರ್ಸ್ ನನ್ನನ್ನು ಸೇರಿಸಿಕೊಂಡಳು.

ಆಸ್ಪತ್ರೆಯ ಗೌನು ಹಾಕಿಕೊಂಡಾಗ ಗಾಯದ ಗೆರೆ ಅವಳ ಕಣ್ಣಿಗೆ ಬಿತ್ತು.

"ಎದಿ ಮ್ಯಾಗ ಏನಿದು, ಮಗಳ?"

"ಹಾರ್ಟ್ ಆಪರೇಷನ್‌ದು. ಯಾರ ಮುಂದೂ ಹೇಳಬ್ಯಾಡ್ರಿ."

"ಅಯ್ಯ, ಬದುಕೀದಿ! ಅದನ್ಯಾಕ ಮುಚ್ಚತೀ?"

ಇಷ್ಟು ವರ್ಷ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಕೊಯ್ದು ತೆಗೆದರೆ ನನ್ನ ಹೃದಯ ತಡೆಯದೆಂದು ವೈದ್ಯರು ಸೂಜಿ ಚುಚ್ಚಿ ಗಡ್ಡೆಯನ್ನು ಶಾಖದಿಂದ ಸುಟ್ಟರು. ಗಡ್ಡೆ ಮತ್ತೆ ಬರಬಹುದು, ಸ್ಕ್ಯಾನಿಂಗ್ ತಪ್ಪಿಸಲೇಬಾರದು ಎಂದರು. ಎರಡು ದಿನ ಬಲಗಡೆ ನೋವು, ಜ್ವರ. ಮೂರನೇ ದಿನ ಇಡ್ಲಿ ರುಚಿಸಿತು. ಹೊರಡುವಾಗ ನಾಗಮ್ಮ ಸಿಗಲಿಲ್ಲ, ಗಂಡನನ್ನು ಬೇರೆ ಆಸ್ಪತ್ರೆಗೆ ಕರೆದೊಯ್ದಿದ್ದಳಂತೆ. ಹೊರಗಿನ ರಸ್ತೆಯಲ್ಲಿ ಅಷ್ಟು ಮಂದಿ ಓಡಾಡುತ್ತಿದ್ದರೂ ನನಗೆ ಬಿಕೋ ಎನ್ನಿಸಿತು.

ಕಾಚಿಗೂಡದ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಆ ಕಡೆ, ತಂಗಿಯನ್ನು ನೋಡಲು ಬಂದವರ ನಗು ಕೇಳುತ್ತಿತ್ತು.

"ಆತೇನು?" ಅವ್ವ ಪಿಸುಗುಟ್ಟಿದಳು.

"ಆತು. ಮೂರು ತಿಂಗಳಿಗೆ ಮತ್ತ ಬರಬೇಕಂತ. ಆವಾಗ ನೀನೂ ಬಾ, ಅವ್ವಾ."

ಅವಳು ದನಿ ಇನ್ನೂ ತಗ್ಗಿಸಿದಳು. "ತಂಗೀನ ಒಪ್ಪ್ಯಾರ. ಲಗ್ನ ಮುಗೀಲಿ, ನೋಡೂಣು. ಅಲ್ಲೀತನ ಬಾಯಿ ಬಿಡಬ್ಯಾಡ."

ರೈಲಿನಲ್ಲಿ ಎದುರಿಗೆ ಕೂತವರು ನಮ್ಮ ಓಣಿಯ ಹೆಂಗಸೇ. ಅವರೂ ಹೈದರಾಬಾದಿನ ಮಗಳ ಮನೆಯಿಂದ ಹೊಸಪೇಟೆಗೆ ಹೊರಟಿದ್ದರು. "ಒಬ್ಬಾಕಿನ? ಹೈದರಾಬಾದಿಗೆ ಯಾಕ ಬಂದಿದ್ದೀ?" ಎಂದರು.

ಅಂಗಿಯ ಕತ್ತಿನ ಗುಂಡಿ ಬಿಚ್ಚಿದೆ. "ಲಿವರ್ ಕ್ಯಾನ್ಸರ್ ಐತ್ರಿ. ತೋರಿಸ್ಕೊಳ್ಳಾಕ ಬಂದಿದ್ದೆ," ಎಂದೆ.