ಮೂರೇ ದಿನದಲ್ಲಿ ಉತ್ತರ ಬರೆದ ಕಾಲೇಜು

ರೋಸ್ಲಿನ್ ಯೇಗರ್ ಮೊದಲ ಸಲ ಹುಡಾಕ್ ಮೇಷ್ಟರ ಕೋಣೆಗೆ ಬಂದದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಅದೂ ತಪ್ಪಿ. ಹಾಜರಿ ಗುಮಾಸ್ತರ ಬಾಗಿಲೆಂದು ತಿಳಿದು ತಟ್ಟಿದ್ದಳು. ಆ ಹೈಸ್ಕೂಲಿನಲ್ಲಿ ಇದ್ದವರೇ ನಾನೂರು ಮಕ್ಕಳು. ಅವಳು ಮೂರು ವರ್ಷ ಅಲ್ಲಿ ಓದಿ ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದಳು. ಆದರೂ ಮಕ್ಕಳಿಗೆ ಕಾಲೇಜು ಹುಡುಕಿಕೊಡುವುದೇ ಕೆಲಸವಾಗಿದ್ದ ಮೇಷ್ಟರಿಗೆ ಅವಳ ಮುಖ ಪರಿಚಯವಿರಲಿಲ್ಲ. ಅದು ಅವರಿಗೆ ಚುಚ್ಚಿತು. ಜಾಣರನ್ನು ಎಲ್ಲರೂ ಬಲ್ಲರು, ಪುಂಡರನ್ನು ಇನ್ನೂ ಚೆನ್ನಾಗಿ ಬಲ್ಲರು; ನಡುವಿನ ಸಾಲಿನಲ್ಲಿ ಕೂತು ನಡುವಿನ ಅಂಕ ತೆಗೆದು ಸದ್ದಿಲ್ಲದೆ ಹೋಗುವವರನ್ನು ಯಾರೂ ಕರೆಯುವುದಿಲ್ಲ.

ಕೂರಿಸಿ ಅವಳ ಅಂಕಪಟ್ಟಿ ತೆಗೆದು ನೋಡಿದರು. ಎಲ್ಲವೂ ಬಿ, ಸಿ. ಯಾವ ಕಾಲೇಜಿಗೆ ಅರ್ಜಿ ಹಾಕಿದ್ದೀಯೆ ಎಂದು ಕೇಳಿದರು.

“ಈ ಮಾರ್ಕ್ಸಿಗೆ ಯಾರ್ ಸೇರಿಸ್ಕೋತಾರೆ ಸರ್? ಫೇಲಾಗಿದ್ರಾದ್ರೂ ಯಾರಾದ್ರೂ ಕರ್ದು ಮಾತಾಡಿಸ್ತಿದ್ರೇನೋ,” ಎಂದು ಅವಳು ನಕ್ಕಳು.

ಮುಂದೆ ಏನಾಗಬೇಕೆಂದಿದ್ದೀಯೆ ಎಂದು ಕೇಳಿದಾಗ ಮಾತ್ರ ನಗಲಿಲ್ಲ. ಎಳೆಯ ಮಕ್ಕಳಿಗೆ ಪಾಠ ಹೇಳಬೇಕೆಂದಳು. ಭಾನುವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಪುಟ್ಟ ಮಕ್ಕಳನ್ನೆಲ್ಲ ಒಬ್ಬಳೇ ಸುಧಾರಿಸುತ್ತಿದ್ದಳಂತೆ.

ಹುಡಾಕ್ ಮೇಷ್ಟರ ಮನಸ್ಸಿನಲ್ಲಿ ಹಳೆಯ ಮುಳ್ಳೊಂದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮುಂದೆ ಇದೇ ಕುರ್ಚಿಯಲ್ಲಿ ಇವಳ ತಂದೆ ಡಗ್ ಕೂತಿದ್ದ. ಅಂಕಗಳೂ ಹೆಚ್ಚುಕಡಿಮೆ ಇವೇ. ಕಾಲೇಜು ನಿನಗೆ ಹೇಳಿಸಿದ್ದಲ್ಲ, ಗಾಜಿನ ಕಾರ್ಖಾನೆಯಲ್ಲಿ ಆಳು ಬೇಕಂತೆ ಹೋಗು ಎಂದು ಅವರೇ ಹೇಳಿ ಕಳಿಸಿದ್ದರು. ಪೆನ್ಸಿಲ್ವೇನಿಯಾದ ಆ ಊರಿಗೆ ಅನ್ನ ಹಾಕುತ್ತಿದ್ದ ಕಾರ್ಖಾನೆ ಅವನು ಸೇರಿದ ಹನ್ನೊಂದು ವರ್ಷಕ್ಕೆ ಬಾಗಿಲು ಹಾಕಿತು. ಡಗ್ ಈಗ ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಟೈರು ಬದಲಿಸುತ್ತಿದ್ದ.

ಕಾರ್ಖಾನೆ ಮುಚ್ಚಿದ ಮೇಲೆ ಮೇಷ್ಟರು ಒಂದು ವ್ರತದಂತೆ ಪ್ರತಿ ಬೇಸಿಗೆ ರಜೆಯಲ್ಲೂ ತಮ್ಮ ಹಳೆಯ ಕಾರಿನಲ್ಲಿ ಹೊರಟು, ಯಾರೂ ಹೆಸರು ಕೇಳದ ಸಣ್ಣ ಸಣ್ಣ ಕಾಲೇಜುಗಳನ್ನು ನೋಡಿ ಬರುತ್ತಿದ್ದರು. ಬಣ್ಣದ ಪುಸ್ತಿಕೆಗಳನ್ನು ನಂಬುತ್ತಿರಲಿಲ್ಲ. ಊಟದ ಮನೆಯಲ್ಲಿ ಮಕ್ಕಳ ನಡುವೆ ಕೂತು ಉಣ್ಣುವರು, ತಟ್ಟೆ ತೊಳೆಯುವವಳನ್ನು ಹುಡುಗರು ಮಾತಾಡಿಸುತ್ತಾರೆಯೇ ಎಂದು ಗಮನಿಸುವರು. ಸಾಧಾರಣ ಅಂಕದ ಮಗುವಿಗೆ ಒಳ್ಳೆಯ ಕಾಲೇಜೆಂದರೆ ಪಟ್ಟಿಯಲ್ಲಿ ಮೇಲಿರುವುದಲ್ಲ, ಮಗುವನ್ನು ಗುರುತಿಸಿ ಮಾತಾಡಿಸುವುದು ಎಂಬುದು ಅವರ ನಂಬಿಕೆ.

ಹಾಗೆ ಕಂಡುಕೊಂಡದ್ದು ಉತ್ತರದ ಕಡೆ ಕೆರೆಯ ದಂಡೆಯ ಮೇಲಿದ್ದ ಒಂದು ಕಾಲೇಜು. ಅಲ್ಲಿನ ಊಟದ ಮನೆಯ ಅರ್ಧಭಾಗಕ್ಕೆ ಪರದೆ ಎಳೆದಿದ್ದರು. ಉಳಿದರ್ಧದಲ್ಲಿ ಅಧ್ಯಾಪಕರೂ ಮಕ್ಕಳೂ ಒಟ್ಟಿಗೆ ಉಣ್ಣುತ್ತಿದ್ದರು. ಒಂದು ಹಾಸ್ಟೆಲಿಗೆ ಬೀಗ ಬಿದ್ದಿತ್ತು. ವಿಚಾರಿಸಿದಾಗ ರಿಪೇರಿ ಎಂದರು. ಮೇಷ್ಟರು ಕಾರಿನಲ್ಲಿ ಕೂತು “ಚಿಕ್ಕದು, ಮನೆಯಂತಿದೆ” ಎಂದು ಬರೆದುಕೊಂಡರು.

ರೋಸ್ಲಿನ್‌ಗೆ ಇದೇ ಸರಿ ಎಂದು ನಿಶ್ಚಯಿಸಿ ಡಗ್‌ನ ಮನೆಗೆ ಹೋದರು. ಡಗ್ ಒಪ್ಪಲಿಲ್ಲ. ಊರಿಗೆ ಹತ್ತಿರವೇ ಸರ್ಕಾರಿ ವಿಶ್ವವಿದ್ಯಾಲಯದ ಶಾಖೆ ಇದೆ, ಮನೆಯಿಂದಲೇ ಹೋಗಿಬರಬಹುದು, ಹೆಸರೇ ಕೇಳದ ಕಾಲೇಜು ಯಾಕೆ ಎಂದು ವಾದಿಸಿದ.

“ಅಲ್ಲಿ ಒಂದೊಂದು ಕ್ಲಾಸಿಗೂ ಇನ್ನೂರು ಜನ ಡಗ್. ಇವಳು ಮತ್ತೆ ಮೂಲೇಲಿ ಕೂತುಬಿಡ್ತಾಳೆ,” ಎಂದರು ಮೇಷ್ಟರು. ಆಮೇಲೆ, “ಅವತ್ತು ನಿನಗೆ ನಾನು ತಪ್ಪು ಹೇಳಿದ್ದೆ. ಇವತ್ತು ಹೇಳ್ತಿಲ್ಲ,” ಎಂದರು.

ಡಗ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಅರ್ಜಿಗೆ ಸಹಿ ಹಾಕಿದ.

ಅರ್ಜಿ ಹೋದ ಮೂರೇ ದಿನಕ್ಕೆ ಉತ್ತರ ಬಂತು. ಬೇರೆಡೆ ಮಾರ್ಚಿನವರೆಗೆ ಕಾಯಿಸುತ್ತಾರೆ. ಇಲ್ಲಿ ಪ್ರವೇಶ ವಿಭಾಗದ ಮುಖ್ಯಸ್ಥೆಯೇ ಕೈಬರಹದಲ್ಲಿ ಬರೆದಿದ್ದಳು. ಚರ್ಚಿನಲ್ಲಿ ಬೂಟು ಬಿಚ್ಚಲೊಲ್ಲದೆ ಅಳುತ್ತಿದ್ದ ಹುಡುಗನ ಬಗ್ಗೆ ರೋಸ್ಲಿನ್ ಅರ್ಜಿಯಲ್ಲಿ ಬರೆದಿದ್ದಳಲ್ಲ, ಆ ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದ್ದಳು. ಆ ಕಾಗದವನ್ನು ಮೇಷ್ಟರು ನಾಲ್ಕು ಜನರಿಗೆ ಓದಿ ಹೇಳಿದರು. ಮೇ ಒಂದನೆಯ ತಾರೀಖು, ಕೊನೆಯ ವರ್ಷದ ಮಕ್ಕಳೆಲ್ಲ ತಾವು ಸೇರುವ ಕಾಲೇಜಿನ ಅಂಗಿ ತೊಟ್ಟು ಬರುವ ದಿನ, ರೋಸ್ಲಿನ್ ಹಸಿರು ಅಂಗಿ ತೊಟ್ಟು ಬಂದಳು. ಅವಳನ್ನು ಒಮ್ಮೆಯೂ ಮಾತಾಡಿಸದ ಅಧ್ಯಾಪಕರು ಅಂದು ನಿಂತು, ಅದು ಯಾವ ಕಾಲೇಜಮ್ಮ ಎಂದು ಕೇಳಿದರು.

ಅಲ್ಲಿ ಅವಳು ಅರಳಿದಳು, ಅದರಲ್ಲಿ ಸಂಶಯವಿಲ್ಲ. ಮೊದಲ ವರ್ಷವೇ ಜೀವಮಾನದ ಮೊದಲ ಎ ಬಂತು. ಎರಡನೆಯ ವರ್ಷ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಅಭ್ಯಾಸಕ್ಕೆ ಹಾಕಿದರು. ಕ್ರಿಸ್ಮಸ್ ರಜೆಯಲ್ಲಿ ಮೇಷ್ಟರ ಕೋಣೆಗೆ ಬಂದು, ಕೇಳುವುದೇನೂ ಇಲ್ಲದೆ ಒಂದು ಗಂಟೆ ಕೂತು ಹರಟಿ ಹೋದಳು.

ಆಮೇಲಿನ ಮಾರ್ಚಿನ ಒಂದು ಬುಧವಾರ ಮಧ್ಯಾಹ್ನ ಕಾಲೇಜಿನ ಎಲ್ಲರ ಫೋನಿಗೂ ಒಂದೇ ಪತ್ರ ಬಂತು. ಈ ಅವಧಿ ಮುಗಿದೊಡನೆ ಕಾಲೇಜನ್ನು ಶಾಶ್ವತವಾಗಿ ಮುಚ್ಚಲಾಗುವುದು. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗಿ ಅರ್ಧಕ್ಕಿಂತ ಕೆಳಗಿಳಿದಿದ್ದರಂತೆ. ಪರದೆಯ ಹಿಂದೆ ಖಾಲಿ ಮೇಜುಗಳಿದ್ದವು. ಬೀಗ ಹಾಕಿದ ಹಾಸ್ಟೆಲಿನಲ್ಲಿ ಯಾವ ರಿಪೇರಿಯೂ ನಡೆಯುತ್ತಿರಲಿಲ್ಲ. ಮೂರು ದಿನದ ಉತ್ತರಕ್ಕೆ ಕಾರಣ ಇಷ್ಟೇ, ಅವರು ಯಾವ ಮಗುವಾದರೂ ಬರಲಿ ಎಂದು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಇಪ್ಪತ್ತು ಬೇಸಿಗೆ ಊಟದ ಮನೆಗಳಲ್ಲಿ ಕೂತು ಉಂಡ ಮನುಷ್ಯ, ಹೋದ ವರ್ಷ ಇಲ್ಲಿ ಎಷ್ಟು ಜನ ಉಣ್ಣುತ್ತಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಅದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಆ ಶುಕ್ರವಾರಗಳಂದು ಊರವರು ಮಾಂಸ ಬಿಟ್ಟು, ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಕರಿದ ಮೀನು ತಿನ್ನಲು ಸೇರುತ್ತಿದ್ದರು. ಬಾಣಲೆಯ ಮುಂದೆ ಡಗ್ ನಿಂತಿದ್ದ. ಮೇಷ್ಟರು ಸಾಲಿನಲ್ಲಿ ನಿಂತು ಅವನೆದುರಿಗೆ ಬಂದರು.

“ಎಷ್ಟು ಪ್ಲೇಟ್ ಸರ್?”

“ಊಟಕ್ಕೆ ಬಂದಿಲ್ಲ ಡಗ್. ತಪ್ಪಾಯ್ತು ಅಂತ ಹೇಳೋಕ್ ಬಂದೆ.”

ಡಗ್ ಮೀನು ಮಗುಚಿದ. “ನಂಗೆ ಹೋಗ್ಬೇಡ ಅಂದ್ರಿ. ಅವ್ಳಿಗೆ ಹೋಗು ಅಂದ್ರಿ. ಎರಡ್ಸಲಾನೂ ನಮ್ ಒಳ್ಳೇದಕ್ಕೇ ಹೇಳಿದ್ರಿ. ಅದೇ ನೋಡಿ ತೊಂದ್ರೆ, ಬೈಯೋಕೂ ಆಗಲ್ಲ,” ಎಂದ. ಆಮೇಲೆ ಒಂದು ತಟ್ಟೆ ತುಂಬಿ ಮುಂದೆ ನೂಕಿದ. “ತಿನ್ನಿ, ಆರಿಹೋಗತ್ತೆ.”

ಮೇಷ್ಟರು ಏಳು ಕಾಲೇಜುಗಳಿಗೆ ಬರೆದರು. ಕೊನೆಗೆ ಊರ ಹತ್ತಿರದ ವಿಶ್ವವಿದ್ಯಾಲಯದ ಶಾಖೆ ಸೇರಿಸಿಕೊಳ್ಳಲು ಒಪ್ಪಿತು, ಆದರೆ ಅವಳು ಪಾಸು ಮಾಡಿದ್ದ ವಿಷಯಗಳಲ್ಲಿ ಅರ್ಧವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪಾಠದ ಅಭ್ಯಾಸವನ್ನಂತೂ ಕಣ್ಣೆತ್ತಿಯೂ ನೋಡಲಿಲ್ಲ. ಮೇಷ್ಟರು ಆ ಪತ್ರ ಹಿಡಿದು ಅವಳ ಮನೆಗೆ ಹೋದಾಗ ರೋಸ್ಲಿನ್ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಸಲ ಓದಿ ಮಡಿಸಿ ಹಿಂದಕ್ಕೆ ಕೊಟ್ಟಳು.

“ಇನ್ನೊಂದ್ಸಲ ಮೊದಲ್ನೇ ವರ್ಷದ ಬೆಂಚಲ್ಲಿ ಕೂರೋ ಶಕ್ತಿ ಇಲ್ಲ ಸರ್.” ಆಮೇಲೆ ನಿಧಾನವಾಗಿ ಕೇಳಿದಳು, “ಅಲ್ಲಿ ಎಲ್ರೂ ನನ್ನ ಇಷ್ಟಪಡ್ತಿದ್ರು ಸರ್. ಅದು ನಿಜಾನಾ, ಇಲ್ಲ ಅದೂ ಮಕ್ಕಳು ಬೇಕಾಗಿತ್ತು ಅಂತಾನಾ?”

“ನಿಜ ಕಣಮ್ಮ,” ಎಂದರು ಮೇಷ್ಟರು. ಹಾಗೆ ಹೇಳಲು ತಮಗೇನು ಆಧಾರವಿತ್ತೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಅದಾಗಿ ಐದು ವರ್ಷ. ಹುಡಾಕ್ ಮೇಷ್ಟರು ನಿವೃತ್ತರಾಗಿದ್ದಾರೆ. ರೋಸ್ಲಿನ್ ಈಗ ನಡೆಯಲಾಗದ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನಲ್ಲಿ ಸಹಾಯಕಿ. ಬೆಳಿಗ್ಗೆ ಆರು ಮಕ್ಕಳನ್ನು ಮನೆಬಾಗಿಲಿನಿಂದ ಎತ್ತಿ ತಂದು, ಗಾಲಿಕುರ್ಚಿಗಳನ್ನು ನೆಲದ ಕೊಂಡಿಗಳಿಗೆ ಬಿಗಿದು, ದಾರಿಯುದ್ದಕ್ಕೂ ಅವರಿಗೆ ಬಣ್ಣಗಳ ಹೆಸರು ಹೇಳಿಕೊಡುತ್ತಾಳೆ. ಶಾಲೆಯ ಬಾಗಿಲಲ್ಲಿ ಟೀಚರು ಬಂದು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಅವಳು ವ್ಯಾನಿಗೆ ಹಿಂದಿರುಗುತ್ತಾಳೆ. ಮೇಷ್ಟರ ಬೀದಿಯಲ್ಲೂ ಅಂಥ ಒಬ್ಬ ಹುಡುಗನಿದ್ದಾನೆ, ವ್ಯಾನು ಅಲ್ಲಿಗೂ ಬರುತ್ತದೆ. ಪ್ರತಿ ಆಗಸ್ಟಿನಲ್ಲಿ ಅವರು ಒಂದು ದಿನ ವಿಶ್ವವಿದ್ಯಾಲಯದ ಶಾಖೆಯ ಅರ್ಜಿ ಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಅವಳು ಬೇಸರವಿಲ್ಲದೆ ತೆಗೆದುಕೊಂಡು, “ಮುಂದಿನ್ ವರ್ಷ ನೋಡೋಣ ಸರ್,” ಎಂದು ಹೇಳಿ, ಹುಡುಗನ ಕುರ್ಚಿಯ ಪಟ್ಟಿ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡುತ್ತಾಳೆ.