ವಾಟಿ ಇಮ್ರಿಯ ಪಡುವಣ ಗೋಡೆ

ಸ್ಕಾಟ್ಲೆಂಡಿನ ಗ್ಲೆನ್ ಫಿಟ್ಟಿ ಕಣಿವೆಯಲ್ಲಿ ವಾಟಿ ಇಮ್ರಿ ಎಂದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಕಲ್ಲುಗೆಲಸದವ. ಐವತ್ತು ವರ್ಷದಲ್ಲಿ ನೂರಾರು ಗೋಡೆ ಎಬ್ಬಿಸಿದವನಿಗೆ ನಾಚಿಕೆ ತಂದಿದ್ದು ಒಂದೇ ಗೋಡೆ: ಹಳೆಯ ಶಾಲೆಯ, ನೆತ್ತಿಯ ಮೇಲೆ ಪುಟ್ಟ ಗಂಟೆಗೂಡು ಹೊತ್ತ, ಎರಡಡಿ ದಪ್ಪದ ಪಡುವಣ ಗೋಡೆ. ಇಪ್ಪತ್ತೆರಡರ ಹುರುಪಿನಲ್ಲಿ ಅದರ ಸಂದುಗಳ ಸುಣ್ಣ ಕೆರೆದು ಸಿಮೆಂಟು ಮೆತ್ತಿದ್ದ. "ಗೋಡೆ ಉಸಿರಾಡ್ಬೇಕೋ" ಎಂದ ಅಪ್ಪನಿಗೆ, "ಗೋಡೆಗೇನು ಮೂಗಿದ್ಯಾ?" ಎಂದು ನಕ್ಕಿದ್ದ.

ಒಳಹೊಕ್ಕ ಮಳೆನೀರು ಹೊರಬರಲು ದಾರಿಯಿಲ್ಲದೆ ಈಗ ಗೋಡೆ ಒಳಗಡೆ ಜಿನುಗುತ್ತಿತ್ತು. ಬಂದು ನೋಡಿದ ಇಂಜಿನಿಯರಮ್ಮ, "ಮುಂದಿನ ಸೆಪ್ಟೆಂಬರಿಗೆ ಮತ್ತೆ ಬರ್ತೀನಿ. ಗೋಡೆಯ ಹೊಟ್ಟೆ ಕೊಳೆತಿದ್ರೆ ಗಂಟೆಗೂಡಿನ ಸಮೇತ ಕೆಡವೋದೇ" ಎಂದು ಹೋದಳು. ಊರಿನವರು ಮಳೆಯನ್ನು ಬೈದರು. ವಾಟಿಗೆ ಮಾತ್ರ ಯಾರನ್ನು ಬೈಯಬೇಕೆಂದು ಗೊತ್ತಿತ್ತು.

ಉಳಿ ಹಿಡಿದು ತಾನು ಮೆತ್ತಿದ್ದನ್ನು ತಾನೇ ಕೀಳತೊಡಗಿದ. ಶಾಲೆಯ ಬೀಗದ ಕೈ ಇಟ್ಟುಕೊಂಡಿದ್ದ ನೆರೆಮನೆಯ ಬೀನಿ ಲಮ್ಸ್‌ಡೆನ್ ಚಹಾ, ಓಟ್ಸ್ ರೊಟ್ಟಿ ತಂದಾಗಲೆಲ್ಲ ಚುಚ್ಚುವಳು.

"ಅದೇನು ಮೆತ್ತಿದ್ದೀಯೋ ಮಾರಾಯ, ಬರ್ತಾನೇ ಇಲ್ಲ!"

"ಕೆಟ್ಟ ಕೆಲ್ಸಾನೂ ಅರ್ಧಂಬರ್ಧ ಮಾಡೋನಲ್ಲ ಕಣೇ ನಾನು."

ಸಂದುಗಳಿಗೆಲ್ಲ ಮತ್ತೆ ಸುಣ್ಣ ತುಂಬಿದ. ಮುಂದಿನ ಬೇಸಿಗೆಯಿಡೀ ಗಾಳಿ ಬೀಸಿದರೆ ಹಿಗ್ಗುತ್ತ, ಮೋಡ ಕಂಡರೆ ಗೊಣಗುತ್ತ, ಗೋಡೆ ಒಣಗಲೆಂದು ಕಾದ.

ಸೆಪ್ಟೆಂಬರಿಗೆ ಇಂಜಿನಿಯರಮ್ಮ ಬಂದಳು. ಒಂದು ಕಲ್ಲು ಬಿಡಿಸಲು ಹೇಳಿ, "ನೀವೇ ಕೈ ಹಾಕಿ ನೋಡಿ" ಎಂದಳು. ಹೊರಗೊಂದು ಒಳಗೊಂದು ಕಲ್ಲುಸಾಲಿನ ನಡುವೆ ಚಿಕ್ಕ ಕಲ್ಲು, ಸುಣ್ಣ ತುಂಬಿದ ಜಾಗವೇ ಗೋಡೆಯ ಹೊಟ್ಟೆ. ವಾಟಿ ಮಡಚಿದ ಅಂಗಿತೋಳನ್ನೇ ಮತ್ತೆ ಮಡಚುತ್ತ ನಿಂತ.

"ಹಾಕೋ, ಅದೇನು ಕಚ್ಚಲ್ಲ" ಎಂದಳು ಬೀನಿ.

ಮೊಣಕೈವರೆಗೆ ತೂರಿಸಿದ. ಚಿಕ್ಕ ಕಲ್ಲುಗಳು ಒಂದಿಷ್ಟೂ ಅಲುಗಲಿಲ್ಲ. ಕೆಸರು ಅಂಟೀತೆಂದು ಹೆದರಿದ್ದ ಬೆರಳಿಗೆ ಅಂಟಿದ್ದು ಬರೀ ಒಣ ಧೂಳು. ಇಂಜಿನಿಯರಮ್ಮನೂ ಕೈ ಹಾಕಿ ನೋಡಿ, "ಇದನ್ನ ಯಾಕ್ರೀ ಕೆಡವೋದು? ಕಲ್ಲು ವಾಪಸ್ ಇಡಿ" ಎಂದು ನಕ್ಕು ಹೊರಟಳು.

ವಾಟಿ ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿದ. ಹುಲ್ಲಿನ ಮೇಲೆ ಕೂತು, ಗೋಡೆಗೆ ಬೆನ್ನು ಒರಗಿಸಿದ. ಎದೆ ಹಗುರಾಗಿ ಕಣ್ಣು ತುಂಬಿತು.

"ಉಳೀತಲ್ಲ, ಏಳೋ. ಚಹಾ ಆರುತ್ತೆ."

"ಇರೇ ಸ್ವಲ್ಪ. ಇಷ್ಟು ವರ್ಷದಲ್ಲಿ ಒಂದಿನಾನೂ ಇದಕ್ಕೆ ಬೆನ್ನು ಕೊಟ್ಟು ಕೂತೋನಲ್ಲ ನಾನು."